ಬೂದಿ ಎಡಕ್ಕೆ ಹೊರಳಿದ್ದು

ನಮ್ಮೂರಿನವರಿಗೆ ದಾರಿ ನೆನಪಿರುವುದಿಲ್ಲ. ಹೊಸ್ತಿಲ ಮೇಲೆ ನಿಂತರೆ ಕಣ್ಣಿಗೆ ಕಾಣುವಷ್ಟು ದೂರ ಎಲ್ಲರೂ ಹೋಗಿ ಬರುತ್ತಾರೆ. ಮೊದಲ ತಿರುವು ದಾಟಿದರೆ ಮುಗಿಯಿತು, ಮುಂದೆ ಎಡಕ್ಕೋ ಬಲಕ್ಕೋ ಯಾರಿಗೂ ತಿಳಿಯದು. ನಲವತ್ತು ವರ್ಷ ಒಂದೇ ಬಾವಿಯ ನೀರು ಹೊತ್ತ ಹೆಂಗಸು ಕೂಡ ತುಂಬಿದ ಕೊಡದೊಂದಿಗೆ ತಿರುವಿನಲ್ಲಿ ನಿಂತು ಯಾರಾದರೂ ಬರಲಿ ಎಂದು ಕಾಯುತ್ತಾಳೆ. ಕಂಡ ಜಾಗದ ಗುರುತು ಹತ್ತುತ್ತದೆ. ಇದು ಚಾವಡಿ, ಇದು ಗಿರಣಿ, ಇದು ನಮ್ಮತ್ತೆಯ ಮನೆ ಎಂದು ಹೇಳಬಲ್ಲರು. ಅಲ್ಲಿಗೆ ಹೋಗುವುದು ಹೇಗೆ ಎಂಬುದು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ದಾರಿಯೆಲ್ಲ ಗೊತ್ತಿರುವುದು ಕತ್ತೆಗಳಿಗೆ. ಮನೆಗೊಂದು ಕತ್ತೆ ಕಟ್ಟುತ್ತಾರೆ. ಅದರ ಕಿವಿಯಲ್ಲಿ ಹೋಗಬೇಕಾದ ಮನೆಯ ಹೆಸರು ಹೇಳಿ, ಹಗ್ಗ ಸಡಿಲ ಬಿಟ್ಟು, ಹಿಂದೆ ನಡೆಯುತ್ತಾರೆ.

ಹೊಸ ದಾರಿ ಕಲಿಸಬೇಕಾದರೆ ಆ ದಾರಿ ಬಲ್ಲ ಇನ್ನೊಂದು ಕತ್ತೆಯ ಹಿಂದೆ ಮೂರು ಸಲ ನಡೆಸಬೇಕು. ಮದುವೆ ಗೊತ್ತಾದರೆ ಬಟ್ಟೆ ತರುವ ಮೊದಲೇ ಎರಡೂ ಮನೆಯ ಕತ್ತೆಗಳು ಮೂರು ಸಲ ಹೋಗಿ ಬಂದಿರುತ್ತವೆ. ಜಗಳವಾಗಿ ಎರಡು ಮನೆಯವರು ಮುಖ ಮುರಿದುಕೊಂಡರೆ ಕತ್ತೆಗೆ ಆ ದಾರಿ ಮರೆಸುತ್ತಾರೆ. ಅದು ಸುಲಭದ ಕೆಲಸವಲ್ಲ. ಕತ್ತೆ ಆ ತಿರುವಿಗೆ ಹೊರಳಿದಾಗಲೆಲ್ಲ ಹಗ್ಗ ಹಿಡಿದು ನಿಂತುಬಿಡಬೇಕು, ನೆಟ್ಟಗೆ ಹೋದರೆ ಮಾತ್ರ ಬೆಲ್ಲ ಕೊಡಬೇಕು. ಕಡಿಮೆಯೆಂದರೂ ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಎಷ್ಟೋ ಜನರ ಸಿಟ್ಟು ಇಳಿದುಹೋಗಿರುತ್ತದೆ. ಇಳಿಯದವರ ಕತ್ತೆಗೆ ಮಾತ್ರ ದಾರಿ ಪೂರ್ತಿ ಮರೆತುಹೋಗುತ್ತದೆ.

ನಾನು ಈ ಊರಿನವನಲ್ಲ. ಮೂವತ್ತೊಂದು ವರ್ಷದ ಹಿಂದೆ ದನದ ದವಾಖಾನೆಗೆ ಕಾಂಪೌಂಡರ್ ಆಗಿ ಬಂದೆ. ಮೂರು ದಿನ ಇದ್ದು, ಹಾಸಿಗೆ-ಪಾತ್ರೆ ತರಲು ಊರಿಗೆ ಹೋಗಬೇಕೆಂದು ನಾಲ್ಕನೆಯ ದಿನ ಬಾಗಿಲಿಗೆ ಬಂದು ನಿಂತರೆ, ಬಸ್ಸು ನನ್ನನ್ನು ಯಾವ ಕಡೆಯಿಂದ ತಂದು ಇಳಿಸಿತ್ತೆಂಬುದೇ ಹೊಳೆಯಲಿಲ್ಲ. ಅಲ್ಲೇ ಉಳಿದೆ. ಕತ್ತೆಯನ್ನೂ ಕಟ್ಟಲಿಲ್ಲ. ಊರಿನ ದನಕರು, ಕುರಿ, ಕತ್ತೆಗಳೆಲ್ಲ ತಾವಾಗಿಯೇ ನನ್ನಲ್ಲಿಗೆ ಬರುತ್ತಿದ್ದವು. ಊಟಕ್ಕೆ ಎದುರಿಗೇ ಖಾನಾವಳಿ ಇತ್ತು. ಮದುವೆ ಮಾಡಿಕೊಳ್ಳಬೇಕೆಂದು ಯಾರೂ ಒತ್ತಾಯ ಮಾಡಲಿಲ್ಲ, ನಾನೂ ಸುಮ್ಮನಿದ್ದೆ. ತೋರಗಲ್ ಡಾಕ್ಟರು ಗುರುವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಮಧ್ಯಾಹ್ನವೇ ಹೊರಟುಬಿಡುತ್ತಿದ್ದರು. ಇನ್ನೊಂದು ದಿನ ಇರಿ ಎಂದರೆ, “ನಿಮ್ಮ ಜೊತಿ ನಾನೂ ಇಲ್ಲೇ ಕುಂಡ್ರಬೇಕಾದೀತು” ಎಂದು ನಗುತ್ತಿದ್ದರು.

ನೀಲಗಂಗವ್ವ ಮೊದಲ ಸಲ ಒಳಗೆ ಬಂದದ್ದು ಮೂರು ವರ್ಷದ ಹಿಂದೆ ಅಂಥ ಒಂದು ಗುರುವಾರ. ಆಕೆ ಕೂಸುಗಳನ್ನು ಎರೆಯುವಾಕೆ. ಊರಲ್ಲಿ ಯಾರು ಹೆತ್ತರೂ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ, ತಿಕ್ಕಿ, ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು ಮಲಗಿಸುವವರೆಗಿನ ಕೆಲಸ ಆಕೆಯದು. ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಆಕೆ ನೀರು ಹಾಕುತ್ತಿದ್ದರೆ ಅಳುವ ಕೂಸು ಆಕಳಿಸುತ್ತಿತ್ತಂತೆ. ಊರಿನ ಅರ್ಧ ಜನರ ಮೂಗನ್ನು ತಾನೇ ತೀಡಿ ನೆಟ್ಟಗೆ ಮಾಡಿದ್ದೆಂದು ಹೇಳಿಕೊಳ್ಳುತ್ತಿದ್ದಳು. ಆಗ ಆಕೆಗೆ ಐವತ್ತೈದು. ಗಂಡ ತೀರಿ ಬಹಳ ವರ್ಷವಾಗಿತ್ತು. ಆಕೆಯ ಕತ್ತೆಯ ಹೆಸರು ಬೂದಿ, ಬಣ್ಣವೂ ಹಾಗೇ. ಬೂದಿಗೆ ಗೊತ್ತಿದ್ದಷ್ಟು ಮನೆಗಳು ಊರಿನ ಇನ್ಯಾವ ಕತ್ತೆಗೂ ಗೊತ್ತಿರಲಿಲ್ಲ.

ಆ ಗುರುವಾರ ಬೂದಿಯನ್ನು ನಾಲ್ಕು ಜನ ಕೈಗಾಡಿಯ ಮೇಲೆ ಹಾಕಿಕೊಂಡು ತಂದಿದ್ದರು. ಗಿರಣಿಯ ಮುಂದೆ ನಡೆಯುತ್ತಿದ್ದಂತೆ ಬಿದ್ದು, ಕಾಲು ಸೆಟೆದು, ಬಾಯಲ್ಲಿ ನೊರೆ ಬಂದಿತ್ತು. ತಿಂಗಳಲ್ಲಿ ಅದು ಐದನೆಯ ಸಲ. ಡಾಕ್ಟರು ನೋಡಿ, “ಫಿಟ್ಸ್ ರೋಗ, ಹಿಂಗs ಬಿಟ್ರ ಉಳಿಯೂದಿಲ್ಲ” ಎಂದರು. ದಿನಕ್ಕೆರಡು ಬಿಳಿ ಗುಳಿಗೆ ಬರೆದರು. ಯಾವ ಕಾರಣಕ್ಕೂ ತಟ್ಟನೆ ನಿಲ್ಲಿಸಬಾರದೆಂದು ಆಕೆಗೂ ಹೇಳಿದರು. ನನ್ನನ್ನು ಪಕ್ಕಕ್ಕೆ ಕರೆದು, “ಆರು ತಿಂಗಳು ಫಿಟ್ಸ್ ಬರಲಿಲ್ಲ ಅಂದ್ರ ನನಗ ನೆನಪು ಮಾಡ್ರಿ ಈರಸಂಗಪ್ಪ, ಸಣ್ಣಗ ಕಡಿಮಿ ಮಾಡ್ಕೋತ ಹೋಗೂಣು. ಬಹಳ ದಿನ ಕೊಡೂ ಔಷಧ ಅಲ್ಲ ಇದು” ಎಂದರು.

ಗುಳಿಗೆಯ ಡಬ್ಬಿಯನ್ನೇ ಆಕೆಯ ಕೈಗೆ ಕೊಟ್ಟು ಕಳಿಸಬಹುದಿತ್ತು. ಬೇರೆಯವರಿಗೆ ಹಾಗೆಯೇ ಕೊಡುತ್ತೇನೆ. ಆಕೆಗೆ ಮಾತ್ರ, “ಮನ್ಯಾಗ ಇಟ್ರ ಬಿಸಿಲಿಗೆ ಕೆಡ್ತಾವ್ರಿ, ದಿನಾ ಸಂಜಿಕೆ ಬಂದು ಒಯ್ರಿ” ಎಂದೆ. ಯಾಕೆ ಹಾಗೆಂದೆನೆಂದು ಆಗ ನನ್ನನ್ನು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ನೊರೆಯನ್ನು ತನ್ನ ಸೆರಗಿನಿಂದ ಒರೆಸುತ್ತ ಕೂತಿದ್ದ ಆಕೆಯನ್ನು ನೋಡುತ್ತ ಅಷ್ಟು ಹೊತ್ತು ನಿಂತಿದ್ದೆ, ಅಷ್ಟೇ.

ಅಂದಿನಿಂದ ದಿನಾ ಸಂಜೆ ಕೆಲಸ ಮುಗಿಸಿ ಬರುವಳು. ಬೆಲ್ಲದ ಚೂರಿನಲ್ಲಿ ಗುಳಿಗೆ ಅದುಮಿ ಬೂದಿಗೆ ತಿನ್ನಿಸುವಳು. ಬೆಳಗಿನದನ್ನು ಕಾಗದದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. ಆಮೇಲೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರುವಳು. ಇವತ್ತು ಎರೆದ ಕೂಸಿನ ಹಣೆ ಎಷ್ಟು ಅಗಲ, ಯಾವ ಬಾಣಂತಿ ಉಣ್ಣದೆ ಹಟ ಮಾಡಿದಳು, ಯಾರ ಮನೆಯ ನೀರೊಲೆ ಹೊಗೆಯಾಡುತ್ತದೆ, ಇಂಥವೇ ಮಾತು. ಖಾನಾವಳಿಯಿಂದ ಎರಡು ಚಹಾ ಬರುತ್ತಿತ್ತು. ಇಡೀ ದಿನ ಸಗಣಿ, ಟಿಂಕ್ಚರುಗಳ ವಾಸನೆಯಲ್ಲಿ ಇರುವವನಿಗೆ ಆಕೆ ಬಂದು ಕೂತರೆ ಕೊಬ್ಬರಿ ಎಣ್ಣೆ, ಲೋಬಾನದ ಪರಿಮಳ. ಫಿಟ್ಸ್ ಪೂರ್ತಿ ನಿಂತುಹೋದವು. ಆರು ತಿಂಗಳಾದದ್ದು ನನಗೆ ಗೊತ್ತಿತ್ತು. ಡಾಕ್ಟರಿಗೆ ನೆನಪು ಮಾಡಲಿಲ್ಲ. ಒಮ್ಮೆ ಅವರಾಗಿಯೇ, “ಆ ಬೂದಿ ಕತ್ತಿ ಹೆಂಗೈತಿ?” ಎಂದು ಕೇಳಿದಾಗ, “ಆಗಾಗ ಕಾಲು ನಡುಗಿದಂಗ ಆಗ್ತಾವಂತರಿ” ಎಂದುಬಿಟ್ಟೆ. ಸುಳ್ಳು. ಬೂದಿಯ ಕಾಲು ಕಂಬದಂತಿದ್ದವು. ಡಾಕ್ಟರು, “ಹಂಗಾದ್ರ ನಡೀಲಿ” ಎಂದರು. ನಡೆಯಿತು, ಎರಡೂವರೆ ವರ್ಷ.

ಎರಡೂವರೆ ವರ್ಷದ ಮೇಲೆ ಒಂದು ಸಂಜೆ ನೀಲಗಂಗವ್ವ ಬೇಸತ್ತು ಬಂದಳು. ನೇಕಾರ ಓಣಿಯ ಆಚೆ ಹೊಸ ಮನೆ ಕಟ್ಟಿಕೊಂಡ ಶಿವಲೀಲಾ ಎಂಬ ಹುಡುಗಿ ಹೆತ್ತಿದ್ದಳು. ಅವರ ಕತ್ತೆಯ ಹಿಂದೆ ಬೂದಿಯನ್ನು ಮೂರು ಸಲ ನಡೆಸಿಯಾಗಿತ್ತು. ನಾಲ್ಕನೆಯ ದಿನ ಕಿವಿಯಲ್ಲಿ ಶಿವಲೀಲಾನ ಹೆಸರು ಹೇಳಿ ಬಿಟ್ಟರೆ ಬೂದಿ ಬೇರೆಲ್ಲಿಗೋ ಹೊರಟಿತು. ಮತ್ತೆ ಮೂರು ಸಲ ನಡೆಸಿದರು, ಮತ್ತೆ ಮೂರು ಸಲ. ಪ್ರಯೋಜನವಾಗಲಿಲ್ಲ.

“ವಯಸ್ಸಾತೇನ್ರಿ ಇದಕ್ಕ?” ಎಂದಳು.

“ಇಲ್ಲ ಬಿಡ್ರಿ. ಕತ್ತಿಗೆ ಇದೇನು ವಯಸ್ಸು? ಹಳೇ ಮನಿಗೆ ಹೋಗ್ತೈತೇನು?”

“ಹಳೇ ಮನಿ ಒಂದೂ ತಪ್ಪೂದಿಲ್ಲ. ಹೊಸಾದು ಹೇಳಿದ್ರಷ್ಟs ಹಿಂಗ.” ಬೂದಿಯ ಹಗ್ಗ ಬಿಚ್ಚುತ್ತ, “ಎಲ್ಲಿಗ್ ಹೋಗಿ ನಿಲ್ತೈತಿ ಗೊತ್ತೇನು?” ಎಂದಳು. ಎಲ್ಲಿಗೆಂದು ಮಾತ್ರ ಅವತ್ತು ಹೇಳಲಿಲ್ಲ. ಆಕೆಯ ಮುಖ ನೋಡಿದರೆ ಕೇಳುವ ಧೈರ್ಯವಾಗಲಿಲ್ಲ.

ಅದನ್ನು ಹೇಳಿದ್ದು ವಾರ ಕಳೆದ ಮೇಲೆ. ಆಕೆಗೆ ಒಬ್ಬಳೇ ಮಗಳು, ಸಾವಂತ್ರಿ. ಮದುವೆಯಾಗಿ ಇದೇ ಊರಿನಲ್ಲಿದ್ದಳು. ಸಾವಂತ್ರಿಯ ಚೊಚ್ಚಲ ಕೂಸನ್ನು ನೀಲಗಂಗವ್ವನೇ ಎರೆದಿದ್ದಳು. ಏಳನೆಯ ದಿನ ಎರೆದು ಮಲಗಿಸಿದ ಕೂಸು ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗಿತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಸಾವಂತ್ರಿ ತಾಯಿಯ ಎರಡೂ ಕೈ ಹಿಡಿದು ನೋಡಿ, “ಈ ಕೈ ಇನ್ನ ನಮ್ಮ ಮನ್ಯಾಗ ಬರೂದು ಬ್ಯಾಡ” ಎಂದಳಂತೆ. ನೀಲಗಂಗವ್ವ ಎದ್ದು ಬಂದಳು. ಮರುದಿನದಿಂದಲೇ ಬೂದಿಗೆ ಆ ದಾರಿ ಮರೆಸತೊಡಗಿದಳು. ದೊಡ್ಡ ಬೇವಿನ ಮರದ ಹತ್ತಿರ ದಾರಿ ಕವಲಾಗುತ್ತದೆ. ಅಲ್ಲಿ ಎಡಕ್ಕೆ ನೋಡಿದರೆ ಸಾವಂತ್ರಿಯ ಮನೆಯ ಹಸಿರು ಬಾಗಿಲು ಕಾಣುತ್ತದೆ. ಬೂದಿ ಎಡಕ್ಕೆ ಹೊರಳಿದಾಗಲೆಲ್ಲ ಹಗ್ಗ ಹಿಡಿದು ನಿಂತಳು. ನೆಟ್ಟಗೆ ಹೋದಾಗ ಬೆಲ್ಲ ಕೊಟ್ಟಳು. ನಾಲ್ಕು ತಿಂಗಳಾಯಿತು. ಕಡೆಗೆ ಬೂದಿ ಆ ಕಡೆ ಕಿವಿಯನ್ನೂ ತಿರುಗಿಸದಾಯಿತು. ಅದಾಗಿ ಒಂಬತ್ತು ವರ್ಷ. ಸಾವಂತ್ರಿಗೆ ಮತ್ತೊಂದು ಹೆಣ್ಣು ಮಗು ಹುಟ್ಟಿತೆಂದೂ, ಅದಕ್ಕೆ ಚಂಪಾ ಎಂದು ಹೆಸರಿಟ್ಟರೆಂದೂ, ಅದಕ್ಕೀಗ ಏಳು ವರ್ಷವೆಂದೂ ನೀಲಗಂಗವ್ವನಿಗೆ ಬಾಣಂತಿಯರ ಬಾಯಿಂದ ಗೊತ್ತಿತ್ತು. ಊರಿನ ಅಷ್ಟು ಕೂಸುಗಳಲ್ಲಿ ಆಕೆ ಎರೆಯದ ಕೂಸು ಅದೊಂದೇ.

“ಈಗ ದಿನಾ ಅಲ್ಲಿಗs ಹೊಳ್ಳತೈತ್ರಿ. ಬೇವಿನ ಗಿಡದ ಹತ್ರ ಎಡಕ್ಕ ಹೊಳ್ಳಿ, ಆಕಿ ಬಾಗಲದ ಮುಂದ ಹೋಗಿ ನಿಲ್ಲತೈತಿ. ನಾ ‘ಮನಿ, ಮನಿ’ ಅಂತ ಕಿವ್ಯಾಗ ಹೇಳಿ ಎಳ್ಕೊಂಡು ಬರ್ತೀನಿ. ಏನರ ಮಾಡ್ರಿ ಕಂಪೌಂಡ್ರ. ಬ್ಯಾರೆ ಗುಳಿಗಿ ಕೊಡ್ರಿ. ಅದು ನೆಟ್ಟಗ ಹೋಗೂವಂಗ ಮಾಡ್ರಿ.”

ಇದು ಗುಳಿಗೆಯದೇ ಕೆಲಸವಿರಬಹುದೇ ಎಂದು ಅವತ್ತೇ ಅನುಮಾನ ಬಂತು. ದವಾಖಾನೆಯ ಹಿಂದೆ ಎರಡು ಕೋಣೆಗಳಿವೆ. ಒಂದರಲ್ಲಿ ತೌಡಿನ ಬುಟ್ಟಿ ಇಟ್ಟು, ಎರಡಕ್ಕೂ ಬಾಗಿಲು ಮುಂದೆ ಮಾಡಿ, ಅಗಸರ ಮನೆಯ ಒಂದು ಕತ್ತೆಯನ್ನು ಅಂಗಳದಲ್ಲಿ ಬಿಟ್ಟು ನೋಡಿದೆ. ಮೂರನೆಯ ಸಲಕ್ಕೆ ಅದು ತೌಡಿದ್ದ ಬಾಗಿಲಿಗೇ ನೆಟ್ಟಗೆ ಹೋಯಿತು. ಮರುದಿನವೂ ಹೋಯಿತು. ಬೂದಿ ಹದಿನೇಳು ಸಲ ತಗೊಂಡಿತು. ಮರುದಿನ ಅಂಗಳದ ನಡುವೆ ನಿಂತು, ಇದೇ ಮೊದಲ ಸಲ ಈ ಬಾಗಿಲುಗಳನ್ನು ನೋಡುತ್ತಿರುವಂತೆ ನೋಡಿತು. ಹತ್ತು ದಿನ ಹೀಗೆ ನೋಡಿ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಗುರುವಾರ ಡಾಕ್ಟರ ಮುಂದೆ ಇಟ್ಟೆ.

ಅವರು ಓದಿ ಕನ್ನಡಕ ತೆಗೆದರು. “ಈ ಗುಳಿಗಿ ವರ್ಷಗಟ್ಲೆ ಹೊಟ್ಟಿಗೆ ಹೋದ್ರ ಹಿಂಗಾಗ್ತದ ಈರಸಂಗಪ್ಪ. ಇಲಿಗಳಿಗೆ ಕೊಟ್ಟು ನೋಡ್ಯಾರ, ನಾಯಿಗಳೊಳಗೂ ಕಂಡದ. ಹಳೇದು ಉಳೀತದ, ಹೊಸಾದು ಹತ್ತೂದಿಲ್ಲ.”

“ಮತ್ತ ಆಕಿ ಮರಸಿದ್ದ ದಾರಿ ಹೊಳ್ಳಿ ಹೆಂಗ ಬಂತ್ರಿ?”

“ಮರಸೂದು ಅಂದ್ರೂ ಕಲಿಸೂದs ಅಲ್ಲೇನು? ‘ಇಲ್ಲಿ ಹೊಳ್ಳಬಾರದು’ ಅಂತ ಅದು ಆಮ್ಯಾಲ ಕಲಿತದ್ದು. ಹಳೇ ದಾರಿ ಅಳಿಸಿರಲಿಲ್ಲ, ತೆಳಗs ಇತ್ತು. ಮ್ಯಾಲ ಕಲಿತದ್ದು ಸಡಲ ಆತು, ತೆಳಗಿಂದು ಎದ್ದು ಬಂತು.” ನೋಟ್‌ಬುಕ್ಕು ಮುಚ್ಚಿ ಕೇಳಿದರು: “ಆದ್ರ ಕಾಲು ನಡುಗ್ತಾವ ಅಂದಿದ್ರಲ್ಲ ನೀವು? ಇಲ್ಲಾಂದ್ರ ನಾ ಎಂದೋ ಕಡಿಮಿ ಮಾಡಿಸ್ತಿದ್ದೆ.”

ನಾನು ನೋಟ್‌ಬುಕ್ಕನ್ನು ಎತ್ತಿಕೊಂಡೆ. ಅವರು ನನ್ನನ್ನೂ ಕಟ್ಟೆಯ ಮೇಲೆ ಒಣಗಿದ್ದ ಎರಡು ಚಹಾದ ಲೋಟಗಳನ್ನೂ ನೋಡಿದರು. ಗುಳಿಗೆಯನ್ನು ಹೇಗೆ ಮುಕ್ಕಾಲು, ಅರ್ಧ, ಕಾಲು ಎಂದು ತಿಂಗಳಿಗೊಂದು ಹಂತ ಇಳಿಸಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟು, “ಆಕಿಗೆ ನೀವs ಹೇಳ್ರಿ” ಎಂದು ಜೀಪು ಹತ್ತಿದರು.

ಅವತ್ತು ಸಂಜೆ ಹೇಳಿದೆ. ಗುಳಿಗೆ ಬಿಸಿಲಿಗೆ ಕೆಡುವುದಿಲ್ಲ, ಡಾಕ್ಟರು ಎರಡು ವರ್ಷದ ಹಿಂದೆಯೇ ಕಡಿಮೆ ಮಾಡಲು ಹೇಳಿದ್ದರು, ನಾನು ಸುಳ್ಳು ಹೇಳಿದೆ, ಬೂದಿಯ ತಲೆ ಹೀಗಾದದ್ದು ನನ್ನಿಂದ ಎಂದೆ.

“ಯಾಕ?” ಎಂದಳು. ಅಷ್ಟೇ ಕೇಳಿದಳು.

“ನೀವು ದಿನಾ ಬರಲಿ ಅಂತ.”

ನೀಲಗಂಗವ್ವ ಬೂದಿಯ ಬೆನ್ನ ಮೇಲೆ ಕೈಯಿಟ್ಟಳು. ಬಯ್ದಿದ್ದರೆ ಚೆನ್ನಾಗಿತ್ತು. “ಇದು ಬಾಯಿ ಇಲ್ಲದ ಜೀವರಿ” ಎಂದಳು. “ನೀವು ಒಂದ್ ಮಾತು ನನಗ ಹೇಳಿದ್ರ ಆಗ್ತಿತ್ತು. ನನಗ ಬಾಯಿ ಐತಿ. ಬರೂದೋ ಬ್ಯಾಡೋ ನಾನs ಹೇಳ್ತಿದ್ದೆ.” ನಾನು ಮುಂದೆ ಚಾಚಿದ ಡಬ್ಬಿಯನ್ನೂ ಚೀಟಿಯನ್ನೂ ಮುಟ್ಟದೆ, ಬೂದಿಯನ್ನು ಹೊಡೆದುಕೊಂಡು ಹೊರಟುಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಮೇಲಿನ ಸಿಟ್ಟಿಗೆ ಆಕೆ ಬರದಿದ್ದರೆ ಅದು ನನ್ನ ಪಾಡು. ಆದರೆ ಗುಳಿಗೆ ತಟ್ಟನೆ ನಿಂತರೆ ಬೂದಿ ಸಾಯಬಹುದು. ಮೂರನೆಯ ದಿನ ಬೆಳಿಗ್ಗೆ ದವಾಖಾನೆಗೆ ಬೀಗ ಹಾಕಿ, ಚುಚ್ಚುಮದ್ದಿನ ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಗಿಳಿದೆ. ಮೂವತ್ತೊಂದು ವರ್ಷದಲ್ಲಿ ನಾನೊಬ್ಬನೇ ಮೊದಲ ತಿರುವು ದಾಟಿದ್ದು ಅದೇ ಮೊದಲು.

ದಾಟಿದ ಕೂಡಲೇ ಎಲ್ಲಿದ್ದೇನೆಂದು ತಿಳಿಯದಾಯಿತು. ಹಿಂದೆ ತಿರುಗಿ ನೋಡಿದರೆ ಬಂದ ದಾರಿಯೂ ಗುರುತಿಲ್ಲ. ಒಬ್ಬ ಬಳೆಗಾರ ಕತ್ತೆಯ ಹಿಂದೆ ಬರುತ್ತಿದ್ದ. ನೀಲಗಂಗವ್ವನ ಮನೆಗೆ ಹೋಗಬೇಕೆಂದೆ. “ನಮ್ಮ ಕತ್ತಿಗೆ ಗೊತ್ತಿಲ್ರಿ, ಚಾವಡಿ ತನಕ ಬರ್ರಿ, ಅಲ್ಲಿ ಯಾರರ ಸಿಗ್ತಾರ” ಎಂದ. ಚಾವಡಿಯಿಂದ ಒಬ್ಬ ಮುದುಕಿ ತನ್ನ ತವರಿನವರೆಗೆ ಕರೆದೊಯ್ದಳು. ಅಲ್ಲಿಂದ ಹಾಲಿನವನು. ಅವನ ಕತ್ತೆ ಮನೆಮನೆಗೂ ನಿಲ್ಲುತ್ತಿತ್ತು, ನಾನೂ ಚೆಂಬು ಹಿಡಿದವರ ನಡುವೆ ನಿಲ್ಲುತ್ತಿದ್ದೆ. ಎಲ್ಲರೂ, “ಅಯ್ಯ, ಕಂಪೌಂಡ್ರು ಹೊರಗ ಬಂದಾರ!” ಎಂದು ಬಾಗಿಲಿಗೆ ಬಂದರು. ಹೀಗೆ ಏಳು ಕತ್ತೆಗಳ ಹಿಂದೆ ನಡೆದು ಮಧ್ಯಾಹ್ನಕ್ಕೆ ಆಕೆಯ ಮನೆ ಮುಟ್ಟಿದೆ. ನನ್ನ ದವಾಖಾನೆಯಿಂದ ಅದು ಇನ್ನೂರು ಹೆಜ್ಜೆ ದೂರ ಎಂದು ಆಮೇಲೆ ತಿಳಿಯಿತು.

ಮನೆಗೆ ಬೀಗವಿತ್ತು. ಪಕ್ಕದ ಮನೆಯಾಕೆ, “ಶಿವಲೀಲಾನ ಕೂಸಿಗೆ ಎರಿಯಾಕ ಹೋಗ್ಯಾಳ” ಎಂದಳು. ಆ ಹೆಸರು ಹೇಳಿದರೆ ಬೂದಿ ಎಲ್ಲಿಗೆ ಹೋಗುವುದೆಂದು ನನಗೆ ಗೊತ್ತಿತ್ತು. “ದೊಡ್ಡ ಬೇವಿನ ಗಿಡ ನಿಮ್ಮ ಕತ್ತಿಗೆ ಗೊತ್ತೈತೇನವ್ವ?” ಎಂದೆ. ಗೊತ್ತಿತ್ತು.

ನಾವು ಬೇವಿನ ಮರ ಮುಟ್ಟುವಷ್ಟರಲ್ಲಿ ಹಸಿರು ಬಾಗಿಲ ಮುಂದೆ ನಾಲ್ಕಾರು ಜನ ಸೇರಿದ್ದರು. ಬೂದಿ ನೆಲಕ್ಕೆ ಬಿದ್ದಿತ್ತು. ಕಾಲುಗಳು ಗಾಳಿಯಲ್ಲಿ ಓಡುತ್ತಿದ್ದವು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅದರ ತಲೆ ನೆಲಕ್ಕೆ ಬಡಿಯದಂತೆ ತೊಡೆಯ ಮೇಲೆ ಹಿಡಿದು ಕೂತಿದ್ದವಳು ನೀಲಗಂಗವ್ವನಲ್ಲ, ಮೂವತ್ತರ ಒಂದು ಹೆಂಗಸು. ತನ್ನ ಸೆರಗಿನಿಂದ ನೊರೆ ಒರೆಸುತ್ತಿದ್ದಳು. ಕೂತ ರೀತಿ ನೋಡಿದ ಕೂಡಲೇ ಯಾರ ಮಗಳೆಂದು ತಿಳಿಯಿತು. ನೀಲಗಂಗವ್ವ ನಾಲ್ಕು ಮಾರು ಆಚೆ ಗೋಡೆಗೆ ಒರಗಿ, ಹತ್ತಿರ ಬರಲೂ ಆಗದೆ ಹೋಗಲೂ ಆಗದೆ ನಿಂತಿದ್ದಳು.

ಸೂಜಿ ಚುಚ್ಚಿದೆ. ಒಂದು ಸಾಲಲಿಲ್ಲ, ಎರಡನೆಯದಕ್ಕೆ ಕಾಲುಗಳು ನಿಧಾನವಾದವು. ಬೂದಿ ದೀರ್ಘವಾಗಿ ಉಸಿರು ಬಿಟ್ಟಿತು. ಉಳಿಯುತ್ತದೆ ಎಂದೆ. ಜನ ಒಬ್ಬೊಬ್ಬರೇ ಚದುರಿದರು. ಸಾವಂತ್ರಿ ಕತ್ತೆಯ ತಲೆಯನ್ನು ಕೆಳಗಿಡಲಿಲ್ಲ. ತಾಯಿಯ ಕಡೆ ನೋಡದೆಯೇ ಮಾತಾಡಿದಳು.

“ತಿಂಗಳಾತು. ದಿನಾ ಬಂದು ನಿಲ್ಲತಿದ್ದಿ. ನಾ ಕಿಡಕ್ಯಾಗಿಂದ ನೋಡ್ತಿದ್ದೆ. ಇವತ್ತ ಒಳಗ ಬರ್ತಾಳ, ಇವತ್ತ ಬರ್ತಾಳ ಅಂತ. ನೀ ಹೊಳ್ಳಿ ಹೋಗ್ತಿದ್ದಿ.”

ನೀಲಗಂಗವ್ವ ಹೌದು ಎಂದಿದ್ದರೆ ಸಾಕಿತ್ತು. ಮಗಳೊಂದಿಗೆ ಮಾತಾಡಲು ದಿನಾ ಬಂದೆ, ಧೈರ್ಯವಾಗಲಿಲ್ಲ ಎಂದರೆ ನಾನು ಯಾಕೆ ಅಲ್ಲಗಳೆಯಲಿ? ಆದರೆ ಆಕೆ ನನ್ನಂಥವಳಲ್ಲ. “ಸುಳ್ಳು ಹೇಳೂದಿಲ್ಲವ್ವ” ಎಂದಳು. “ನಾ ಬರಲಿಲ್ಲ. ಔಷಧದಿಂದ ಅದಕ್ಕ ನಾ ಮರಸಿದ್ದು ಮರ್ತು ಹೋತು. ಅದs ಕರ್ಕೊಂಡು ಬಂತು.”

ಸಾವಂತ್ರಿಯ ಕೈ ನಿಂತಿತು. ನಾನು ಚೀಲ ಕಟ್ಟುವ ನೆವದಲ್ಲಿ ತಲೆ ತಗ್ಗಿಸಿದೆ.

“ಆದ್ರ,” ಎಂದಳು ನೀಲಗಂಗವ್ವ, “ಮೊದಲ ನಾಕು ದಿನ ಖರೇನ ದಾರಿ ತಪ್ಪೇತಿ ಅಂದ್ಕೊಂಡೆ. ಆಮ್ಯಾಲ ನನಗ ಗೊತ್ತಿತ್ತು. ಶಿವಲೀಲಾನ ಗಂಡ ತಮ್ಮ ಕತ್ತಿ ಕಳಸ್ತೀನಿ ಅಂದ. ಬ್ಯಾಡ, ನಮ್ಮ ಬೂದಿ ಬರ್ತೈತಿ ಅಂದೆ. ಅದರ ಕಿವ್ಯಾಗ ಶಿವಲೀಲಾ ಅಂತ ಹೇಳಿ, ಇಲ್ಲಿ ಬರೂತನಕ ಹಗ್ಗ ಎಳೀಲಿಲ್ಲ.”

ಸಾವಂತ್ರಿ ಅಳಲಿಲ್ಲ. ಕತ್ತೆಯ ಹಣೆ ಸವರುತ್ತ, “ನಾನೂ ನಮ್ಮ ಕತ್ತಿಗೆ ಮರಸಿದ್ದೆ” ಎಂದಳು. “ಚಂಪಾ ಹುಟ್ಟಿದಾಗ ನಿನ್ನ ಕರೀಬೇಕು ಅನಸ್ತು. ದಾರಿ ಗೊತ್ತಿರಲಿಲ್ಲ. ಯಾರಿಗೆ ಕೇಳಲಿ, ಏನಂತ ಕೇಳಲಿ? ಏಳು ದಿನಾ ನಾನs ಎರದೆ. ನನ್ನ ಕೈ ನಡಗತಿದ್ದವು. ಎಂಟನೇ ದಿನ ಅದು ಕಣ್ಣು ಬಿಟ್ಟು ನನ್ನ ನೋಡ್ತು. ನಡಗೂ ಕೈಯ್ಯಾಗೂ ಉಳೀತಲ್ಲ, ಉಳಿಯೂದು ಹೋಗೂದು ಎರಿಯೂ ಕೈಯ್ಯಾಗ ಇಲ್ಲ ಅಂತ ಆವಾಗ ತಿಳೀತು. ನಿನ್ನ ಕೈಯ್ಯಾಗೇನೂ ಇರಲಿಲ್ಲ.”

ಬಾಗಿಲಲ್ಲಿ ಕೆದರಿದ ತಲೆಯ ಹುಡುಗಿಯೊಬ್ಬಳು ನಿಂತು ಎಲ್ಲ ನೋಡುತ್ತಿದ್ದಳು. ನೀಲಗಂಗವ್ವ ಅವಳ ಮೂಗನ್ನೇ ದಿಟ್ಟಿಸಿದಳು. “ಎಡಕ್ಕ ಸ್ವಲ್ಪ ಸೊಟ್ಟ ಐತಿ” ಎಂದಳು. “ತೀಡೂ ವಯಸ್ಸು ದಾಟಿಹೋತು.” ಹಾಗಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅಲ್ಲಿಂದ ಹೊರಟು ಬೇವಿನ ಮರದವರೆಗೆ ಬಂದೆ. ನೆರೆಮನೆಯಾಕೆ ತನ್ನ ಕತ್ತೆಯೊಂದಿಗೆ ಕಾಯುತ್ತಿದ್ದಳು. ತಿರುಗಿ ನೋಡಿದಾಗ ತಾಯಿ ಮಗಳಿಬ್ಬರೂ ಸೇರಿ ಬೂದಿಯನ್ನು ಎಬ್ಬಿಸುತ್ತಿದ್ದರು.

ಮಾರನೆಯ ದಿನ ನೀಲಗಂಗವ್ವ ಬಂದು ಡಬ್ಬಿಯನ್ನೂ ಚೀಟಿಯನ್ನೂ ಒಯ್ದಳು. ಚಹಾ ತರಿಸಲೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆಕೆಯೇ ಕಟ್ಟೆಯ ಮೇಲೆ ಕೂತು, “ಕಡಿಮಿ ಮಾಡೂ ಮುಂದ ಫಿಟ್ಸ್ ಬಂದ್ರ ಏನ್ ಮಾಡ್ಲಿ ಹೇಳ್ರಿ” ಎಂದಳು. ಹೇಳಿದೆ. ಕ್ಷಮಿಸಿದೆ ಎಂದು ಆಕೆ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ವಾರಕ್ಕೊಮ್ಮೆ ಬೂದಿಯನ್ನು ತೋರಿಸಲು ಬರುವಾಗ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಮುಕ್ಕಾಲು ಗುಳಿಗೆಯ ತಿಂಗಳಲ್ಲಿ ಒಮ್ಮೆ, ಅರ್ಧದ ತಿಂಗಳಲ್ಲಿ ಒಮ್ಮೆ ಫಿಟ್ಸ್ ಬಂದವು, ಸಣ್ಣವು. ತೌಡಿನ ಬಾಗಿಲನ್ನು ಬೂದಿ ಒಂಬತ್ತು ಸಲಕ್ಕೆ ಕಲಿಯಿತು, ಆಮೇಲೆ ಆರಕ್ಕೆ. ಒಂದು ದಿನ ಶಿವಲೀಲಾನ ಮನೆಗೆ ತಪ್ಪದೆ ಹೋಯಿತು. ಅವಳ ಕೂಸು ಅಷ್ಟರಲ್ಲಿ ಬೋರಲು ಬೀಳತೊಡಗಿತ್ತು.

ಕಾಲು ಗುಳಿಗೆ ಶುರುವಾದ ವಾರ ಆಕೆ ಅವಸರವಾಗಿ ಬಂದಳು. “ನಡೀರಿ ಕಂಪೌಂಡ್ರ, ಜೊತಿಗೆ” ಎಂದಳು. ಬೂದಿಯ ಕಿವಿಯಲ್ಲಿ ಸಾವಂತ್ರಿಯ ಹೆಸರು ಹೇಳಿದಳು. ಬೂದಿ ಬೇವಿನ ಮರದವರೆಗೆ ಹೋಯಿತು. ಅಲ್ಲಿ ಒಂದು ಕ್ಷಣ ನಿಂತು, ಎಡಕ್ಕೆ ನೋಡದೆ, ನೆಟ್ಟಗೆ ಮುಂದೆ ನಡೆಯಿತು. ಬೆಲ್ಲಕ್ಕಾಗಿ ತಲೆ ತಿರುಗಿಸಿ ಆಕೆಯ ಕೈ ಮೂಸಿತು.

“ನೋಡಿದ್ರೇನು? ಗುಳಿಗಿ ಇಳೀತು. ನಾ ನಾಕು ತಿಂಗಳು ಕಲಿಸಿದ್ದು ಹೊಳ್ಳಿ ನೆನಪಾತು ಇದಕ್ಕ.” ಆಕೆ ನಗಲಿಲ್ಲ, ಅಳಲೂ ಇಲ್ಲ. “ಎಷ್ಟು ಚೆಂದ ಕಲಿಸೀನಿ!”

ಗುಳಿಗೆಯನ್ನು ಮತ್ತೆ ಏರಿಸಿದರೆ ಬೂದಿ ಮಗಳ ಮನೆಗೆ ತಾನಾಗಿ ಹೋಗುತ್ತಿತ್ತು. ಆ ಮಾತು ಇಬ್ಬರಿಗೂ ಹೊಳೆದಿತ್ತು, ಇಬ್ಬರೂ ಆಡಲಿಲ್ಲ. ನೀಲಗಂಗವ್ವ ಹಗ್ಗ ಹಿಡಿದು ಬೂದಿಯನ್ನು ಹಿಂದಕ್ಕೆ ತಂದಳು. ಮರದ ಬುಡದಲ್ಲಿ ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಸಿರು ಬಾಗಿಲಿನ ಕಡೆ ತಿರುಗಿಸಿದಳು. “ನಾ ತಪ್ಪು ಕಲಿಸಿದ್ದೆ ನಮ್ಮವ್ವ. ಈ ಕಡೆ. ಈ ಕಡೆ ಬಾ.” ಬೂದಿ ಕಾಲೂರಿ ನಿಂತಿತು. ಒಂಬತ್ತು ವರ್ಷ ಬೇಡವೆಂದ ದಾರಿಗೆ ಈಗ ಬಾ ಎಂದರೆ ಅದಕ್ಕೆ ಹೇಗೆ ನಂಬಿಕೆ ಬರಬೇಕು? ಚಂಪಾ ಬಾಗಿಲಿನಿಂದ ಅಂಗೈಯಲ್ಲಿ ಬೆಲ್ಲ ಹಿಡಿದು ಓಡಿ ಬಂದಳು. ತಿನ್ನಲು ಕೊಡದೆ, ಮೂಗಿನ ಮುಂದೆ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದಳು. ಬೂದಿ ಒಂದೊಂದೇ ಹೆಜ್ಜೆ ಮುಂದಕ್ಕೆ ಬಂತು.

ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೆಯ ದಿನ ಹಗ್ಗ ಬಿಟ್ಟರೂ ಬೂದಿ ತಾನಾಗಿ ಎಡಕ್ಕೆ ಹೊರಳಿತೆಂದು ಖಾನಾವಳಿಯವನು ಬಂದು ಹೇಳಿದ. ಅವತ್ತು ನೀಲಗಂಗವ್ವ ಬೂದಿಯನ್ನು ತೋರಿಸಲು ಬರುವ ದಿನವಾಗಿತ್ತು. ಎರಡು ಚಹಾ ಹೇಳಿ ಕಟ್ಟೆಯ ಮೇಲೆ ಕೂತೆ. ಬಿಸಿಲು ಇಳಿಯಿತು. ದನಗಳು ಮನೆಗೆ ಹೋದವು. ಆಕೆ ಬರಲಿಲ್ಲ. ಮಗಳ ಮನೆಯಲ್ಲಿ ಉಳಿದಿರಬೇಕು, ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆಯುತ್ತಿರಬೇಕು, ಹೊತ್ತು ಹೋದದ್ದೇ ತಿಳಿದಿರಲಿಕ್ಕಿಲ್ಲ. ನಾನು ಎರಡೂ ಚಹಾ ಕುಡಿದೆ. ಆಕೆ ಬರಲಿ ಎಂದು ಎರಡೂವರೆ ವರ್ಷ ಒಂದು ಜೀವಕ್ಕೆ ವಿಷದಂತೆ ಗುಳಿಗೆ ತಿನ್ನಿಸಿದವನು ಅವತ್ತು, ಆಕೆ ಬರಲಿಲ್ಲವೆಂದು ಹಿಗ್ಗುತ್ತ, ಬಾಗಿಲು ಮುಂದೆ ಮಾಡಿ ಒಳಗೆ ಹೋದೆ.